ಮೊದಲು ನೀನು ಕೇಳು

ಬೆಳಿಗ್ಗೆ ಸ್ನಾನ ಮುಗಿಸಿ, ದೇವರ ಮುಂದೆ ದೀಪ ಹಚ್ಚಿ, ಕಾಲು ಗಂಟೆ ಕಣ್ಣು ಮುಚ್ಚಿ ಕೂರುವುದನ್ನು ದರ್ಜಿಯ ಹೆಂಡತಿ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಜ್ವರ ಬಂದಾಗಲೂ ಕೂತಿದ್ದಳು, ಹೆರಿಗೆ ನೋವು ಶುರುವಾದಾಗಲೂ ಕೂತಿದ್ದಳು. ಇಡೀ ದಿನದಲ್ಲಿ ಅವಳದು ಅಂತ ಇದ್ದದ್ದು ಅದೊಂದೇ ಕಾಲು ಗಂಟೆ. ಅದಕ್ಕೂ ಈಗ ದೆವ್ವ ವಕ್ಕರಿಸಿತ್ತು.

ದೆವ್ವ ಬಂದದ್ದು ಗಂಡನ ಮೊಬೈಲಿನಿಂದ. ಯಾರೋ ಪುಣ್ಯಾತ್ಮ ಗೊಗ್ಗರು ದನಿಯಲ್ಲಿ ಭೂತದ ಕಥೆ ಓದುವ ಪಾಡ್‌ಕಾಸ್ಟು. ಅದನ್ನು ಕೇಳದಿದ್ದರೆ ದರ್ಜಿಗೆ ಬಟ್ಟೆ ಕತ್ತರಿಸಲು ಕೈ ಓಡದು. ಕೇಳಿದರೆ ಕೈ ನಿಲ್ಲದು. ಒಂದು ದಿನ ಕಥೆಯಲ್ಲಿ ಬಾಗಿಲು ಕಿರ್ರೆಂದಿದ್ದೇ ತಡ, ಮೇಷ್ಟರ ಪ್ಯಾಂಟು ಚಡ್ಡಿಯಾಯಿತು. (ಮೇಷ್ಟರಿಗೆ "ಅವರು ಮನೇಲಿಲ್ಲ" ಎಂದವಳೂ ಇವಳೇ, ಆಮೇಲೆ ದೇವರ ಕ್ಷಮೆ ಕೇಳಿದವಳೂ ಇವಳೇ.)

ಅಂದಿನಿಂದ ಹೊಸ ಕಾನೂನು. ಕಥೆಯ ಕೊನೆಯ ಹತ್ತು ನಿಮಿಷ ಬಂತೆಂದರೆ ದರ್ಜಿ ಇಯರ್‌ಫೋನ್ ಹಿಡಿದು ಒಳಗೆ ಓಡಿಬರುವನು. ಅರಸರ ಊಟದಲ್ಲಿ ವಿಷವಿದೆಯೇ ಎಂದು ಮೊದಲು ತಿಂದು ನೋಡುವ ಸೇವಕ ಇರುತ್ತಿದ್ದನಂತಲ್ಲ, ಆ ಘನ ಉದ್ಯೋಗ ಇವಳ ಪಾಲಿಗೆ.

"ಏ ಇವಳೇ, ಕೊನೆ ನೀನು ಕೇಳಿ ನಂಗೆ ಮೆತ್ತಗೆ ಹೇಳು."

"ರೀ, ದೇವರ ಮುಂದೆ ಕೂತಿದೀನಿ!"

"ಅದಕ್ಕೇ ಬಂದೆ. ಇಲ್ಲಿ ದೆವ್ವದ ಆಟ ನಡೆಯಲ್ಲ."

"ಅಷ್ಟು ಹೆದರಿಕೆ ಆದ್ರೆ ಯಾಕೆ ಕೇಳ್ತೀರಿ?"

"ಹೆದರಿಕೆ ಆಗ್ಲಿ ಅಂತಾನೇ ಕೇಳೋದು ಕಣೇ!"

"ಹಾಗಾದ್ರೆ ಹೆದರ್ಕೊಳ್ಳಿ, ನನ್ನ ಜೀವ ಯಾಕೆ ತಿಂತೀರಿ?"

ಕಿವಿಯಲ್ಲಿ ಪಿಶಾಚಿ, ತುಟಿಯಲ್ಲಿ ದೇವರ ನಾಮ. ಹದಿನೈದು ದಿನ ಹೆಣಗಿದ ಮೇಲೆ ಒಂದು ಉಪಾಯ ಹೊಳೆಯಿತು. ಕಥೆಯನ್ನೇ ಸಪ್ಪೆ ಮಾಡಿದರೆ?

"ಬಾಗಿಲು ಬಡಿದಿದ್ದು ಯಾರಂತೆ?" ದರ್ಜಿ ಉಸಿರು ಬಿಗಿಹಿಡಿದು ಕೇಳಿದ.

"ಹಾಲಿನವನು."

ಮರುದಿನ ಮಂಚದ ಕೆಳಗೆ ಉಸಿರಾಡಿದ್ದು ಬೆಕ್ಕು. ಅದರ ಮರುದಿನ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇದ್ದದ್ದು ಹಳೇ ಕಂಬಳಿ. (ನಿಜಕ್ಕೂ ಕಥೆಯೊಳಗಿನ ಸೊಸೆ ಪೆಟ್ಟಿಗೆಯ ಮೇಲೆ ಕೈಯಿಟ್ಟಾಗ ಒಳಗಿನಿಂದ ಅವಳದೇ ದನಿ "ಬಂದೆಯಾ?" ಎಂದಿತ್ತು. ಅಷ್ಟಕ್ಕೇ ನಿಲ್ಲಿಸಿ, ಉಳಿದದ್ದು ನಾಳೆ ಎಂದಿದ್ದ ಗೊಗ್ಗರು ದನಿಯವನು.) ಆ ದಿನ ದರ್ಜಿಯ ಹೆಂಡತಿಯ ಅನ್ನ ಸೀದುಹೋಯಿತು, ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಮರುದಿನ ದೀಪ ಹಚ್ಚಿ ಕೂತವಳ ಪಕ್ಕಕ್ಕೆ ದರ್ಜಿ ಸಪ್ಪೆ ಮೋರೆ ಹಾಕಿಕೊಂಡು ಬಂದ.

"ಥೂ, ಆ ಮನುಷ್ಯನಿಗೆ ಕಥೆ ಹೇಳೋಕೇ ಬರಲ್ಲ ಕಣೇ. ದಿನಾ ಬೆಕ್ಕು, ಕಂಬಳಿ! ಪಾಪ, ನಿಂಗೂ ಸುಮ್ಮನೆ ತೊಂದರೆ ಕೊಟ್ಟೆ. ಈಗಲೇ ಅಳಿಸಿಹಾಕ್ತೀನಿ. ಇನ್ಮೇಲೆ ನೆಮ್ಮದಿಯಾಗಿ ಧ್ಯಾನ ಮಾಡ್ಕೋ."

ಇಷ್ಟು ದಿನ ಅವಳು ಬೇಡಿದ್ದೇ ಇದನ್ನು. ದೇವರು ಕೊಟ್ಟೇಬಿಟ್ಟಿದ್ದ. ಅವಳು ದೀಪ ನೋಡಿದಳು, ಗಂಡನ ಹೆಬ್ಬೆರಳು ನೋಡಿದಳು, ಚಂಗನೆ ಮೊಬೈಲು ಕಿತ್ತುಕೊಂಡಳು.

"ಬೇಡ ರೀ, ಅಳಿಸ್ಬೇಡಿ! ಎರಡನೇ ಭಾಗ ಬಾಕಿ ಇದೆ."

"ಎರಡನೇ ಭಾಗ? ಹಳೇ ಕಂಬಳಿಗಾ?"

"ಹೂಂ." ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಒಂದು ಕಣ್ಣು ತೆರೆದಳು. "ಎಲ್ಲಿಗೆ ಹೊರಟ್ರಿ? ಸ್ವಲ್ಪ ಹೊತ್ತು ಇಲ್ಲೇ ಕೂತಿರಿ."