ಮೂರು ಸಲ ಕೂಡಿಸಿದ ಒಂದು ಗಂಟೆ

ಹೆವಿನ್ ಕೆಟ್ಟದ್ದು ಒಂದು ಗಂಟೆಯಿಂದ. ಸಮುದ್ರ ಏರುವ, ಇಳಿಯುವ ಹೊತ್ತು ತಿಳಿಸುವ ಪುಸ್ತಕವನ್ನು ಅಚ್ಚು ಹಾಕುವವರು ವರ್ಷವಿಡೀ ಚಳಿಗಾಲದ ಗಡಿಯಾರವನ್ನೇ ನಂಬಿ ಕೂತಿರುತ್ತಾರೆ. ಬೇಸಿಗೆಯಲ್ಲಿ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದರೂ ಪುಸ್ತಕ ಮಾತ್ರ ಜಗ್ಗುವುದಿಲ್ಲ. ಓದಿದವನೇ ಒಂದು ಗಂಟೆ ಕೂಡಿಸಿಕೊಳ್ಳಬೇಕು. ಪೋರ್ತ್‌ಲಾಸ್ ಎಂಬ ಕಡಲತೀರದ ಊರಿನಲ್ಲಿ ಎದುರಾದವರನ್ನು "ಗಂಟೆ ಕೂಡಿಸಿದ್ಯಾ?" ಎಂದು ಕೇಳುವುದು "ಊಟ ಆಯ್ತಾ?" ಎಂದು ಕೇಳಿದಷ್ಟೇ ಸಹಜ.

ಸೆಪ್ಟೆಂಬರಿನ ಆ ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ನೀರು ಪೂರ್ತಿ ಇಳಿಯುವುದು ಹತ್ತೂ ಇಪ್ಪತ್ತಕ್ಕೆ. ಅಂಗಡಿಯವನು ಗಂಟೆ ಕೂಡಿಸಿಯೇ ಬರೆದಿದ್ದ. ಹಾಗೆಂದು ಬರೆದಿರಲಿಲ್ಲ, ಅಷ್ಟೆ. ಹೆವಿನ್ ಅದನ್ನು ಅಂಗೈ ಮೇಲೆ ಗೀಚಿಕೊಂಡು, ಕ್ಯಾಮೆರಾ ಹೆಗಲಿಗೇರಿಸಿ ಹೊರಟ.

ಊರಿನ ಸಭಾಂಗಣದವರು ವರ್ಷಕ್ಕೊಂದು ಕ್ಯಾಲೆಂಡರ್ ಮಾಡಿಸುತ್ತಾರೆ. ಹನ್ನೆರಡು ತಿಂಗಳಿಗೆ ಊರಿನವರೇ ತೆಗೆದ ಹನ್ನೆರಡು ಫೋಟೊ. ಹದಿನಾಲ್ಕು ವರ್ಷದಿಂದ ಹೆವಿನ್ ತಪ್ಪದೆ ಫೋಟೊ ಕೊಡುತ್ತಿದ್ದ. ಜನವರಿ ಹಾಳಾಗಲಿ, ಇಪ್ಪತ್ತೆಂಟೇ ದಿನದ ಫೆಬ್ರವರಿಯೂ ಅವನ ಪಾಲಿಗೆ ಬಂದಿರಲಿಲ್ಲ. ಪಕ್ಕದ ಮನೆಯ ಇದ್ವಾಲ್ ತನ್ನ ಹಿತ್ತಲ ಗೇಟಿನ ಫೋಟೊವನ್ನೇ ನಾಲ್ಕು ಸಲ ತೆಗೆದು ನಾಲ್ಕು ಜೂನ್ ಗಿಟ್ಟಿಸಿದ್ದ. ಯಾರ ಮನೆಗೆ ಟೀ ಕುಡಿಯಲು ಹೋದರೂ ಅಡುಗೆಮನೆ ಗೋಡೆಯ ಮೇಲೆ ಆ ಗೇಟು. ಹೆವಿನ್ ಗೋಡೆಗೆ ಬೆನ್ನು ಹಾಕಿ ಕೂತು ಟೀ ಕುಡಿಯುತ್ತಿದ್ದ.

ಈ ಸಲ ಹಾಗಾಗಬಾರದು. ಸೀಲ್ ಬಂಡೆಯ ಮೇಲೆ ಸೀಲ್ ಎಂಬ ಕಡಲಪ್ರಾಣಿಯೊಂದು ಮರಿ ಹಾಕಿತ್ತು, ಹಿಟ್ಟಿನಲ್ಲಿ ಹೊರಳಾಡಿದಷ್ಟು ಬಿಳಿ. ನೀರು ಇಳಿದಾಗ ಮರಳಿನ ಮೇಲೆ ಬಂಡೆಗೆ ನಡೆದೇ ಹೋಗಬಹುದು. ಸಂಜೆ ಐದರೊಳಗೆ ಫೋಟೊ ಕೊಟ್ಟರೆ ಆರಕ್ಕೆ ತೀರ್ಪು.

ಗೋಡೆಯಾಚೆಯಿಂದ ಇದ್ವಾಲ್ ತಲೆ ಎತ್ತಿದ. "ಎಲ್ಲಿಗೋ, ಫಿರಂಗಿ ಹೊತ್ಕೊಂಡು?"

"ಸೀಲ್ ಬಂಡೆಗೆ. ಹತ್ತೂ ಇಪ್ಪತ್ತಕ್ಕೆ ನೀರಿಳಿಯುತ್ತೆ."

"ಗಂಟೆ ಕೂಡಿಸಿದ್ಯಾ?"

ಹೆವಿನ್ ಅಂಗೈ ನೋಡಿಕೊಂಡ. ತಾನಂತೂ ಕೂಡಿಸಿರಲಿಲ್ಲ.

"ನೋಡ್ದಾ! ಹನ್ನೊಂದೂ ಇಪ್ಪತ್ತು ಅದು. ಈಗ್ಲೇ ಹೋಗಿ ಮೀನು ಎಣಿಸ್ತೀಯಾ? ಬಾ, ಟೀ ಕುಡಿ. ಕೆಟಲ್ ನೀನೇ ಇಡಬೇಕು ಮತ್ತೆ, ನನ್ ಬೆನ್ನು ಗೊತ್ತಲ್ಲ." ಬೆನ್ನುನೋವಿನ ಚೀಟಿ ಕೊಟ್ಟು ಇದ್ವಾಲ್ ಕೆಲಸಕ್ಕೆ ಹೋಗದೆ ಮೂರು ತಿಂಗಳಾಗಿತ್ತು.

ಅಂಗೈ ಮೇಲಿನ ಹತ್ತನ್ನು ಹನ್ನೊಂದು ಮಾಡಿಕೊಂಡು, ಟೀ ಮುಗಿಸಿ ಬಸ್ ನಿಲ್ದಾಣದ ಹತ್ತಿರ ಬಂದರೆ ನೆಸ್ಟಾ. ಸಭಾಂಗಣದ ಅಧ್ಯಕ್ಷೆ. ಟೀಯಲ್ಲಿ ನೆನೆಸಿದ ಒಣದ್ರಾಕ್ಷಿ ಹಾಕಿ ಸುಡುವ ಬಾರಾ ಬ್ರಿಥ್ ಬ್ರೆಡ್ಡಿಗೆ, ಊರ ಪ್ರದರ್ಶನದಲ್ಲಿ ಹದಿನೆಂಟು ವರ್ಷದಿಂದ ಮೊದಲ ಬಹುಮಾನ ಬಿಟ್ಟುಕೊಡದವಳು. ಅಕ್ಕನನ್ನು ನೋಡಿಬರಲು ಪಟ್ಟಣಕ್ಕೆ ಹೊರಟಿದ್ದಳು. ಹೆವಿನ್ ಅಂಗೈಯನ್ನು ಎಳೆದುಕೊಂಡು ಓದಿದಳು.

"ಹನ್ನೊಂದೂ ಇಪ್ಪತ್ತಾ? ಗಂಟೆ ಕೂಡಿಸಿದ್ಯಾ, ಹೆವಿನ್ ಬಾಖ್?" ಬಾಖ್ ಎಂದರೆ ಅಲ್ಲಿಯವರ ಬಾಯಲ್ಲಿ 'ಪುಟ್ಟಾ' ಎಂದ ಹಾಗೆ.

"ಇದ್ವಾಲ್ ಕೂಡಿಸ್ದ."

"ಇದ್ವಾಲ್‌ಗೆ ತನ್ನ ಮಕ್ಕಳನ್ನೇ ಸರಿಯಾಗಿ ಎಣಿಸೋಕೆ ಬರಲ್ಲ. ಹನ್ನೆರಡೂ ಇಪ್ಪತ್ತು ಅಂತ ಬರ್ಕೋ."

ನೆಸ್ಟಾ ಎದುರು ಸಮುದ್ರವೇ ವಾದ ಮಾಡುವುದಿಲ್ಲ. ಹೆವಿನ್ ಬರೆದುಕೊಂಡ.

ಹನ್ನೆರಡಕ್ಕೆ ಅವನು ಮರಳಿಗಿಳಿದಾಗ ನೀರು ಬೂಟಿನ ತುದಿ ನೆಕ್ಕುತ್ತಿತ್ತು. ಒಂದು ಹೆಜ್ಜೆ ಹಿಂದೆ ಸರಿದ, ನೀರೂ ಒಂದು ಹೆಜ್ಜೆ ಮುಂದೆ ಬಂತು. ಏರುತ್ತಿರುವಂತೆ ಕಾಣಿಸಿತು. ಅಂಗೈ ಮಾತ್ರ ಇನ್ನೂ ಇಳಿಯುತ್ತಿದೆ ಎಂದು ಹೇಳಿತು. ಕಣ್ಣು ಅವನೊಬ್ಬನದು, ಅಂಗೈ ಮೇಲಿದ್ದದ್ದು ಮೂವರ ಲೆಕ್ಕ. ಹೆವಿನ್ ಬಹುಮತಕ್ಕೆ ತಲೆಬಾಗಿ ಬಂಡೆಗೆ ನಡೆದ.

ಮರಿ ಅವನಿಗೆ ಬೆನ್ನು ಹಾಕಿ ಮಲಗಿತ್ತು. ತಾಯಿ ಸೀಲ್ ಬಾಡಿಗೆ ಮನೆಯ ಯಜಮಾನಿಯಂತೆ ಅವನನ್ನೇ ದಿಟ್ಟಿಸುತ್ತಿತ್ತು. ಅದನ್ನು ಕೆಣಕದಷ್ಟು ದೂರದಲ್ಲಿ ಹೊಟ್ಟೆಯ ಮೇಲೆ ಮಲಗಿ ಹೆವಿನ್ ಕಾದ. ಮುಕ್ಕಾಲು ಗಂಟೆಯಲ್ಲಿ ಮರಿ ಎರಡು ಸಲ ಸೀನಿತು, ಒಮ್ಮೆ ಬಾಲ ಕೆರೆದುಕೊಂಡಿತು. ಮುಖ ಮಾತ್ರ ತೋರಿಸಲಿಲ್ಲ. ಕತ್ತು ನೋವೆಂದು ಅವನು ಹಿಂದೆ ತಿರುಗಿದ. ನಡೆದು ಬಂದ ಮರಳಿನ ದಾರಿ ಇರಲಿಲ್ಲ. ಅಲ್ಲಿ ಸಮುದ್ರ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಹರಡಿಕೊಂಡಿತ್ತು.

ಫೋನಿಗೆ ಸಿಗ್ನಲ್ ಇಲ್ಲ. ಪ್ಯಾಂಟು ಬಿಚ್ಚಿ, ಕ್ಯಾಮೆರಾ ತಲೆ ಮೇಲಿಟ್ಟುಕೊಂಡು ನೀರಿಗಿಳಿದು ನೋಡಿದ. ಸೊಂಟದವರೆಗೆ ಬಂದ ತಣ್ಣನೆಯ ನೀರಿಗೆ ಬಾಯಿಂದ ಪಾದ್ರಿಗಳು ಕೇಳಬಾರದ ಮಾತು ಹೊರಟಿತು. ಮುಂದೆ ಇನ್ನೂ ಆಳ. ಮತ್ತೆ ಬಂಡೆ ಏರಿ, ಪ್ಯಾಂಟನ್ನೇ ಬಾವುಟ ಮಾಡಿ ಬೀಸತೊಡಗಿದ.

ಪೋರ್ತ್‌ಲಾಸ್‌ನಲ್ಲಿ ಸುದ್ದಿ ಹಬ್ಬಲು ಸಿಗ್ನಲ್ ಬೇಕಿಲ್ಲ. ಹತ್ತು ನಿಮಿಷದಲ್ಲಿ ಬಂಡೆಯೆದುರಿನ ಕಡಿದಾದ ದಂಡೆಯ ಮೇಲೆ ಇಡೀ ಊರು ನೆರೆದಿತ್ತು. ಅವರೆಲ್ಲ ಬಾಯಿಯ ಸುತ್ತ ಕೈ ಹಿಡಿದು ಕೂಗುತ್ತಿದ್ದುದು ಗಾಳಿಯಲ್ಲಿ ಚೂರುಚೂರಾಗಿ ಬಂತು:

"ಗಂಟೆ ಕೂಡಿಸಿದ್ಯಾ—?"

ಆಗ ಮೋಡ ಸೀಳಿತು. ಒಂದು ಪಟ್ಟಿ ಬೆಳಕು ಸರಿಯಾಗಿ ಆ ಜನರ ಮೇಲೆ ಬಿದ್ದು, ಹುಲ್ಲು, ಕೆಂಪು ಮಣ್ಣು, ಚಾಚಿದ ಕೈಗಳು ಎಲ್ಲ ಹೊತ್ತಿಕೊಂಡವು. ಹೆವಿನ್ ಪ್ಯಾಂಟು ಕೆಳಗೆ ಹಾಕಿ ಕ್ಯಾಮೆರಾ ಎತ್ತಿದ. ಪಕ್ಕದ ಕೊಲ್ಲಿಯಿಂದ ರಕ್ಷಣಾ ದೋಣಿ ಬಂದು, ಹುಡುಗರು "ಹತ್ತಿ, ಹತ್ತಿ" ಎಂದು ಬೊಬ್ಬೆ ಹೊಡೆಯುತ್ತಿದ್ದಾಗಲೂ "ಇನ್ನೊಂದೇ, ಇನ್ನೊಂದೇ" ಎನ್ನುತ್ತಿದ್ದ.

ಐದಕ್ಕೆ ಸಭಾಂಗಣದ ಗೋಡೆಯ ಮೇಲೆ ಆ ಫೋಟೊ ದೊಡ್ಡದಾಗಿ ತೂಗಿತು. ಹೆಸರಿಲ್ಲ, ನಂಬರ್ ಏಳು, ಅಷ್ಟೆ. ಆದರೆ ಬಂಡೆಯ ಮೇಲೆ ಯಾರಿದ್ದರೆಂದು ಯಾರಿಗೂ ಹೇಳಿಕೊಡಬೇಕಿರಲಿಲ್ಲ.

ಮೊದಲು ಇದ್ವಾಲ್ ಬಂದು ಅವನ ಮೊಣಕೈ ಹಿಡಿದ. "ನಂಬರ್ ಏಳು ತೆಗೆದ್ಬಿಡೋ. ಆಕಾಶ ಜಾಸ್ತಿ ಆಯ್ತು ಅದ್ರಲ್ಲಿ."

ಹೆವಿನ್ ನಕ್ಕ. ಹೊಟ್ಟೆಕಿಚ್ಚು.

ಆಮೇಲೆ ನೆಸ್ಟಾ. "ನನ್ ಮಾತು ಕೇಳು ಬಾಖ್, ಅದು ಒಂದ್ ಕಡೆ ವಾಲಿದೆ. ವಾಪಸ್ ತಗೋ. ಒಂದ್ ವರ್ಷ ನಿಂಗೆ ಬಾರಾ ಬ್ರಿಥ್ ಪುಕ್ಕಟೆ."

ಹೆವಿನ್ ನಗಲಿಲ್ಲ. ನೆಸ್ಟಾ ಯಾರಿಗೂ ಒಂದು ತುಂಡೂ ಪುಕ್ಕಟೆ ಕೊಟ್ಟವಳಲ್ಲ.

ಕೊನೆಗೆ ಪಾದ್ರಿ ಮ್ಯೂರಿಗ್ ಪ್ಯಾರಿಯವರೇ ಬಂದು ಕಿವಿಯಲ್ಲಿ ಹೇಳಿದರು: "ಹೆವಿನ್, ಕೀರ್ತಿಯ ಆಸೆ ಒಳ್ಳೇದಲ್ಲ. ಅದನ್ನ ಗೋಡೆಯಿಂದ ಇಳಿಸಿದ್ರೆ ನಿಮ್ಮ ಆತ್ಮಕ್ಕೆ ಹಗುರ."

"ಯಾರ ಆತ್ಮಕ್ಕೆ?" ಎಂದು ಕೇಳಬೇಕೆನಿಸಿತು. ಕುತೂಹಲ ತಡೆಯದೆ ಹೆವಿನ್ ಪುಸ್ತಕದ ಕಪಾಟಿನಿಂದ ಭೂತಗನ್ನಡಿ ತಂದು, ತನ್ನದೇ ಫೋಟೊವನ್ನು ಮೊದಲ ಸಲ ನೋಡಿದ. ಮಧ್ಯಾಹ್ನ ಅವನು ನೋಡಿದ್ದು ಬೆಳಕನ್ನು ಮಾತ್ರ.

ಎಡಕ್ಕೆ ಇದ್ವಾಲ್. ಹೆಗಲ ಮೇಲೆ ಇಪ್ಪತ್ತಡಿ ಏಣಿ, ಕಲ್ಲುಗೋಡೆಯನ್ನು ಜಿಂಕೆಯಂತೆ ಹಾರುತ್ತಿದ್ದಾನೆ. ನಡುವೆ ಪಟ್ಟಣದಿಂದ ಬಂದಿಳಿದ ನೆಸ್ಟಾ. ಎರಡೂ ಕೈಚೀಲದಿಂದ ಇಣುಕುತ್ತಿರುವ, ಅಂಗಡಿಯ ಚೀಟಿ ಅಂಟಿದ ಆರು ಬಾರಾ ಬ್ರಿಥ್. ಬಲಕ್ಕೆ, ರೋಗಿಗಳನ್ನು ನೋಡಲು ದೂರದ ಆಸ್ಪತ್ರೆಗೆ ಹೋಗಿದ್ದೇನೆಂದು ಬಾಗಿಲಿಗೆ ಚೀಟಿ ಅಂಟಿಸಿದ್ದ ಪಾದ್ರಿಗಳು. ಮೈಗಂಟಿದ ರಬ್ಬರ್ ಉಡುಪಿನಲ್ಲಿ, ಬಗಲಲ್ಲಿ ಅಲೆ ಸವಾರಿಯ ಹಲಗೆ.

ಹೆವಿನ್ ಭೂತಗನ್ನಡಿ ಇಳಿಸಿದ. ಪಾಪ ಎನಿಸಿತು. ಹದಿನಾಲ್ಕು ವರ್ಷದ ಸೋಲೂ ಆ ನಾಲ್ಕು ಗೇಟುಗಳೂ ನೆನಪಾದವು. ಅವನು ಫೋಟೊವನ್ನು ಗೋಡೆಯಿಂದ ಇಳಿಸಲಿಲ್ಲ.

ಆರಕ್ಕೆ ತೀರ್ಪುಗಾರ್ತಿ ಹೈಲ್ವೆನ್ ಪ್ರಾಸರ್ ಬಂದರು. ಬೆಟ್ಟದಾಚೆಯವರು. ತೀರ್ಪು ಕೊಡಲು ಯಾವಾಗಲೂ ಹೊರಗಿನವರೇ ಬರಬೇಕು. ಊರಿನವರಾದರೆ ಮರುದಿನವೂ ಅಲ್ಲೇ ಬದುಕಬೇಕಲ್ಲ. ಗೋಡೆಯುದ್ದಕ್ಕೂ ಎರಡು ಸುತ್ತು ಹಾಕಿ, ಏಳರ ಮುಂದೆ ನಿಂತರು.

"ಮೊದಲನೆಯದು ಇದು. ಒಬ್ಬ ಮನುಷ್ಯನಿಗೋಸ್ಕರ ಊರಿಗೆ ಊರೇ ಕೈಲಿದ್ದದ್ದನ್ನೂ ಕೆಳಗಿಡದೆ ಓಡಿ ಬಂದಿದೆ. ಜನವರಿಗೆ ಇದೇ."

ಹೆವಿನ್ ಕಣ್ಣು ಮಂಜಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನೆಸ್ಟಾ ಎದ್ದು ನಿಂತಳು.

"ಇಂಥ ಕಣ್ಣಿರೋ ಮನುಷ್ಯನ್ನ ನಾವು ಬರೀ ಸ್ಪರ್ಧಿ ಮಾಡಿ ಕೂರಿಸಿದ್ದೀವಿ, ನಾಚಿಕೆ ಆಗ್ಬೇಕು. ಈ ಕ್ಷಣದಿಂದ್ಲೇ ಹೆವಿನ್ ನಮ್ಮ ಕ್ಯಾಲೆಂಡರಿನ ಕಾಯಂ ತೀರ್ಪುಗಾರ ಆಗ್ಲಿ. ತೀರ್ಪುಗಾರರು ತೆಗೆದ ಫೋಟೊ ಕ್ಯಾಲೆಂಡರಿಗೆ ಹಾಕೋ ಹಾಗಿಲ್ಲ, ಅದು ನಿಯಮ. ಆದ್ರೆ ಈ ಗೌರವದ ಮುಂದೆ ಒಂದ್ ಜನವರಿ ಯಾವ ಲೆಕ್ಕ? ಕೈ ಎತ್ತಿ!"

ಬೀದಿ ದೀಪದ ಬಣ್ಣಕ್ಕೂ ಎರಡು ಪಂಗಡವಾಗಿದ್ದ ಊರಿನಲ್ಲಿ ಎಲ್ಲ ಕೈಗಳೂ ಮೇಲೆದ್ದವು. ಇದ್ವಾಲ್ ಬೆನ್ನುನೋವು ಮರೆತು ಎರಡೂ ಕೈ ಎತ್ತಿದ. ಹೈಲ್ವೆನ್ ಪ್ರಾಸರ್ ಕೂಡ ಎತ್ತಿದರು. "ಹನ್ನೊಂದು ವರ್ಷದಿಂದ ಇದಕ್ಕೇ ಕಾಯ್ತಿದ್ದೆ. ಹೋದ ವರ್ಷ ನನ್ನ ಕಾರಿನ ನಾಲ್ಕೂ ಚಕ್ರದ ಗಾಳಿ ತೆಗೆದಿದ್ರು," ಎಂದು ಅಂಕದ ಹಾಳೆಯನ್ನು ಹೆವಿನ್ ಕೈಗಿಟ್ಟು, ಕೋಟು ಹಾಕಿಕೊಂಡು ಹೊರಟೇಬಿಟ್ಟರು.

ಮೂರನೇ ಸಾಲಿನಲ್ಲಿ ಇನ್ನೂ ಒಂದು ಕೈ ಇಳಿದಿರಲಿಲ್ಲ. ಹೆವಿನ್‌ನ ಹೆಂಡತಿ ಟೆಗ್ವೆನ್‌ದು.

"ನೀನೂನಾ?" ಎಂದ ಹೆವಿನ್.

"ಮುಂದಿನದು ಓದು," ಎಂದಳು ಅವಳು.

ಅವನು ಹಾಳೆ ನೋಡಿದ. ಎರಡನೆಯದು, ಈಗ ಜನವರಿಗೆ ಏರಿದ್ದು, ನಂಬರ್ ಹನ್ನೊಂದು. ಸಭಾಂಗಣದ ಅಡುಗೆಮನೆ ಬಾಗಿಲ ಪಕ್ಕದ ಕೊನೆಯ ಮೊಳೆಯಲ್ಲಿ, ಅವನು ಕಣ್ಣೆತ್ತಿಯೂ ನೋಡದ ಮೂಲೆಯಲ್ಲಿ ತೂಗುತ್ತಿತ್ತು. ಉದ್ದ ಒಳಚಡ್ಡಿಯ ಗಂಡಸೊಬ್ಬ ಬಂಡೆಯ ಮೇಲೆ ನಿಂತು ಪ್ಯಾಂಟು ಬೀಸುತ್ತಿದ್ದಾನೆ. ಅವನ ಹಿಂದೆ ತಾಯಿ ಸೀಲ್ ಬೇರೆ ಕಡೆ ಮುಖ ತಿರುಗಿಸಿಕೊಂಡಿದೆ. ಪಕ್ಕದಲ್ಲಿ ಬಿಳಿ ಮರಿ ಮುಖ ಎತ್ತಿ, ನೇರವಾಗಿ ನೋಡುತ್ತಾ ನಗುತ್ತಿರುವಂತಿದೆ.

"ಫೋನಲ್ಲಿ ಹೊಡೆದೆ," ಎಂದಳು ಟೆಗ್ವೆನ್. "ನೀನು ಮುಳುಗ್ತೀಯೇನೋ ಅಂತ ಭಯ ಆಗಿತ್ತು, ಕೈ ಸ್ವಲ್ಪ ನಡುಗಿರ್ಬೇಕು. ಬೇಡ ಅನ್ಸಿದ್ರೆ ಹಾಕ್ಬೇಡಪ್ಪ. ತೀರ್ಪುಗಾರ ನೀನು."

ಇಡೀ ಸಭಾಂಗಣ ಅವನನ್ನೇ ನೋಡಿತು. ಹಾಳೆಯ ಕೆಳಗೆ ತೀರ್ಪುಗಾರರ ಅಭಿಪ್ರಾಯಕ್ಕೆ ಒಂದು ಸಾಲು ಖಾಲಿ ಬಿಟ್ಟಿತ್ತು. ಹೆವಿನ್ ನಂಬರ್ ಹನ್ನೊಂದರ ಹತ್ತಿರ ಹೋದ. ಭೂತಗನ್ನಡಿ ಹಿಡಿದು ತಪ್ಪಿಗಾಗಿ ಮೂಲೆಮೂಲೆ ಹುಡುಕಿದ. ಕೈ ನಡುಗಿರಲಿಲ್ಲ. ಪೆನ್ನಿನ ತುದಿ ಕಚ್ಚಿ, ಕೊನೆಗೆ ಬರೆದ:

"ಬೆಳಕು ಅದ್ಭುತ. ಮರಿ ಚೆನ್ನಾಗಿ ಬಂದಿದೆ. ಮನುಷ್ಯ ಇಲ್ಲದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು."

ಸಹಿ ಹಾಕಿದ.