ಬೆಸುಗೆ ಮೇಜಿನ ಪ್ರತಾಪ

"ಇನ್ನು ಮುಂದೆ ಈ ಮನೆಯ ಯಾವ ವಸ್ತುವೂ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಕೂಡದು!" ಭಾನುವಾರ ಬೆಳಿಗ್ಗೆ ಕಾಫಿ ಲೋಟ ಎತ್ತಿ ಹಿಡಿದು ನಾನು ಹೀಗೆಂದು ಘೋಷಿಸಿದೆ. ವಾರವಿಡೀ ಫೋನಿನಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ವಿಡಿಯೋ ನೋಡಿದ ಫಲ! ಸೋಲ್ಡರಿಂಗ್ ಐರನ್ನು, ಸೀಸದ ತಂತಿ, ಭೂತಗನ್ನಡಿ ಎಲ್ಲ ಬಂದಾಗಿತ್ತು. ಕೆಟ್ಟ ವಸ್ತುವೊಂದೇ ಬಾಕಿ.

ಅದೂ ಅರ್ಧ ಗಂಟೆಯಲ್ಲಿ ಒದಗಿತು. ನನ್ನ ಹೆಂಡತಿ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಅಂದು ಸಂಜೆ ಒಂದು ಮದುವೆ ಮನೆಗೆ ಮೂರು ಅಂತಸ್ತಿನ ಕೇಕ್ ಹೋಗಬೇಕಿತ್ತು. ಅಷ್ಟು ದೊಡ್ಡ ಆರ್ಡರ್ ಅವಳಿಗೆ ಅದೇ ಮೊದಲು. ಸಕ್ಕರೆ ತೂಗಲು ಹೊರಟರೆ ಎಲೆಕ್ಟ್ರಾನಿಕ್ ತಕ್ಕಡಿ ಕಣ್ಣೇ ಬಿಡಲಿಲ್ಲ. ಹೊಸ ಬ್ಯಾಟರಿ ಹಾಕಿದರೂ ಅಷ್ಟೇ.

"ಕೇಕಿಗೆ ಕಣ್ಣಂದಾಜು ನಡೆಯಲ್ಲ ರೀ. ಓಡಿಹೋಗಿ ಒಂದು ಹೊಸದು ತಂದ್ಬಿಡಿ. ಇವತ್ತು ಮಧ್ಯಾಹ್ನಕ್ಕೇ ಅಂಗಡಿ ಮುಚ್ತಾರೆ."

"ಹೊಸದಾ? ಗಂಡ ಬದುಕಿರುವಾಗ?"

"ನನ್ನ ಮಗ ಚಿಕ್ಕವನಿದ್ದಾಗ್ಲೇ ಗಡಿಯಾರ ಬಿಚ್ಚಿದ್ದ ಕಣೇ" ಎಂದು ಅಮ್ಮ ನನ್ನ ಪರ ವಕಾಲತ್ತು ವಹಿಸಿದಳು.

"ಆಮೇಲೆ ಜೋಡಿಸಿದ್ರಾ ಅತ್ತೆ?"

"ಬಿಚ್ಚಿದ್ದು ಮಾತ್ರ ನೆನಪಿದೆ."

ತಕ್ಕಡಿ ಬಿಚ್ಚಿದೆ. ರೋಗ ತಕ್ಷಣ ಸಿಕ್ಕಿತು: ಬ್ಯಾಟರಿಯ ಕೆಂಪು ವೈರು ಬೋರ್ಡಿನಿಂದ ಕಿತ್ತು ಬಂದಿತ್ತು. ಬೇಕಾದದ್ದು ಒಂದೇ ಚುಕ್ಕಿ ಬೆಸುಗೆ! ಆದರೆ ಸರಿಯಾದ ಮೇಜಿಲ್ಲದೆ ಬೆಸುಗೆ ಹಾಕುವುದುಂಟೇ? ಇಸ್ತ್ರಿ ಮೇಜನ್ನು ಅಡುಗೆಮನೆ ಬಾಗಿಲಿಗೆ ಎಳೆದೆ. ಅಮ್ಮ ಓದುವಾಗ ಹಚ್ಚುವ ದೀಪ ಬಂತು, ಹೊಗೆ ಓಡಿಸಲು ಅವಳ ಟೇಬಲ್ ಫ್ಯಾನೂ ಬಂತು. ಸೋಲ್ಡರಿಂಗ್ ಐರನ್ ನಿಲ್ಲಿಸಲು ಗಾಜಿನ ಲೋಟ, ಅದರ ತುದಿ ಒರೆಸಲು ಪಾತ್ರೆ ತೊಳೆಯುವ ಸ್ಪಂಜು. ಎಡಕ್ಕೆ ಸರಿಸಿ, ಬಲಕ್ಕೆ ಸರಿಸಿ, ಫೋಟೋ ತೆಗೆದು ನನ್ನ ಸಿಂಹಾಸನ ಸಿದ್ಧವಾಗುವಷ್ಟರಲ್ಲಿ ಅಂಗಡಿ ಮುಚ್ಚಿತ್ತು.

ಐರನ್ ಕಾಯಿತು. ಸ್ಪಂಜಿಗೆ ಒರೆಸಿದರೆ ಸ್ಪಂಜೇ ಕರಗಿ ತುದಿಗೆ ಮೆತ್ತಿಕೊಂಡು ನಾರತೊಡಗಿತು. ಹೊಗೆ ಹೋಗಲೆಂದು ಫ್ಯಾನು ಹಾಕಿದೆ. ಹೆಂಡತಿ ಜರಡಿ ಹಿಡಿದಿಟ್ಟಿದ್ದ ಹಿಟ್ಟು ಎದ್ದು ಒಳಗೆ ಕೂತಿದ್ದ ಅಮ್ಮನ ಮೇಲೆ ಇಳಿಯಿತು. ಗಾಬರಿಯಿಂದ ಫ್ಯಾನಿಗೆ ಕೈ ಚಾಚಿದರೆ ಮೊಣಕೈ ತಗುಲಿ ಐರನ್ ನಿಲ್ಲಿಸಿದ್ದ ಲೋಟ ಬಿದ್ದು ಒಡೆಯಿತು. ಐರನ್ ಉರುಳಿ ದೀಪದ ವೈರಿನ ಮೇಲೆ ಕೂತಿತು. ಫಟ್! ಇಡೀ ಮನೆಯ ಕರೆಂಟು ಹೋಯಿತು. ನಾನು ಬೆಚ್ಚಿ ಹಿಂದೆ ಸರಿದ ರಭಸಕ್ಕೆ ದೀಪವೂ ನೆಲ ಕಂಡು ಚೂರಾಯಿತು.

"ರೀ, ಫ್ರಿಜ್ಜಲ್ಲಿ ಕ್ರೀಮ್ ಇದೆ!"

ದೀಪದ ವೈರು ಕಿತ್ತು, ಬಿದ್ದಿದ್ದ ಮೇನ್ ಸ್ವಿಚ್ ಎತ್ತಿ ಕರೆಂಟು ಬರಿಸಿದೆ. ಸೋಲೊಪ್ಪುವ ಕುಲವೇ ನಮ್ಮದು? ಸೀಸವನ್ನು ಐರನ್ನಿನಲ್ಲಿ ಕರಗಿಸಿ ಬೋರ್ಡಿನ ಮೇಲೆ ಹನಿಸಿದೆ. ಉಂಡೆಯಾಗಿ ಉರುಳಿಹೋಯಿತು. ಮತ್ತೆ ಹನಿಸಿದೆ, ಮತ್ತೆ ಉರುಳಿತು. ಸರಿಯಾದ ಜಾಗಕ್ಕೆ ಬಿದ್ದದ್ದು ನನ್ನ ಬೆವರು ಮಾತ್ರ.

ಹೆಂಡತಿ ಬಂದು ನಿಂತಳು. ಈಗ ಮಂಗಳಾರತಿ ಖಂಡಿತ ಎಂದು ತಲೆ ತಗ್ಗಿಸಿದೆ. ಅವಳು ಬೈಯಲಿಲ್ಲ, ಬಗ್ಗಿ ನೋಡಿದಳು.

"ತಣ್ಣನೆ ಬಾಣಲೆ ಮೇಲೆ ಬೆಣ್ಣೆ ಇಟ್ರೆ ಹರಡುತ್ತೇನ್ರೀ? ಮೊದಲು ಬಾಣಲೆ ಕಾಯ್ಬೇಕು. ಸರೀರಿ ಆಚೆ."

ಪಾತ್ರೆ ಉಜ್ಜುವ ತಂತಿಯ ನಾರಿನಿಂದ ಐರನ್ನಿನ ತುದಿ ತಿಕ್ಕಿ ಕೊಳೆ ತೆಗೆದಳು. ವೈರು, ಬೋರ್ಡು ಎರಡಕ್ಕೂ ತಾಗುವಂತೆ ತುದಿ ಇಟ್ಟು ಉಸಿರು ಹಿಡಿದು ಕಾದಳು. ಆಮೇಲೆ ಸೀಸ ಮುಟ್ಟಿಸಿದಳು. ಅದು ನೀರಿನ ಹಾಗೆ ಹರಿದು, ಫಳಫಳ ಹೊಳೆದು, ಅಲ್ಲೇ ನಿಂತಿತು. ಕ್ರೀಮಿನಲ್ಲಿ ಗುಲಾಬಿ ಬಿಡಿಸುವ ಕೈ, ಕೂದಲೆಳೆಯಷ್ಟೂ ನಡುಗಲಿಲ್ಲ!

ತಕ್ಕಡಿ ಕಣ್ಣು ಬಿಟ್ಟು ಸೊನ್ನೆ ತೋರಿಸಿತು. ಅದು ನನಗೆ ಕೊಟ್ಟ ಅಂಕವೆಂದೇ ನಾನು ತಿಳಿದೆ.

ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಇಷ್ಟು ವರ್ಷ ಅವಳ ಕೇಕು ತಿಂದಿದ್ದೆನೇ ಹೊರತು ಅವಳ ಕೈಯನ್ನು ಕಣ್ಣು ಬಿಟ್ಟು ನೋಡಿರಲಿಲ್ಲ. ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಸ್ಪಂಜಿನ ಹೊಗೆಯೂ ಕೊಂಚ ಕೈ ಜೋಡಿಸಿರಬಹುದು.

"ನೀನು ಮಹಾ ನಿಪುಣೆ ಕಣೇ! ಈಗ ನಾನೇನು ಮಾಡ್ಲಿ ಹೇಳು. ಏನಾದ್ರೂ ಸರಿ, ಮಾಡ್ತೀನಿ."

ಅವಳು ಬಾಯಿ ತೆರೆಯುವ ಮೊದಲೇ, ಮುಖದ ಹಿಟ್ಟು ಒರೆಸಿಕೊಳ್ಳುತ್ತಿದ್ದ ಅಮ್ಮ ಮೊಟ್ಟೆಯ ಟ್ರೇ ತಂದು ನನ್ನ ಮುಂದಿಟ್ಟಳು.

"ತಗೋ ಮಗಾ, ಇವನ್ನ ಒಡಿ. ಇವತ್ತು ಚೆನ್ನಾಗಿ ಅಭ್ಯಾಸ ಆಗಿದೆಯಲ್ಲ!"