ಗೌಜಲಕ್ಕಿಗಳ ವಾರ್ಡನ್

ನಮ್ಮ ಹಾಸ್ಟೆಲಿನಲ್ಲಿ ಊಟದ ಗಂಟೆ ಬಾರಿಸಿದರೆ ಸಾಕು, ಹುಡುಗರು ಬಿದ್ದಂಬೀಳ ಓಡಿ ಬರುತ್ತಾರೆ. ವಾರ್ಡನ್ ಆದ ನನ್ನ ಆಜ್ಞೆಗಳಲ್ಲಿ ಅವರು ಪಾಲಿಸುವುದು ಅದೊಂದನ್ನೇ. ದೀಪ ಆರಿಸಿ ಎಂದರೆ ಹೊತ್ತಿಸುತ್ತಾರೆ. ಸಾಲಾಗಿ ನಿಲ್ಲಿ ಎಂದರೆ ಗುಂಪುಗೂಡುತ್ತಾರೆ. ಗಲಾಟೆ ಬೇಡ ಎಂದರೆ ನನ್ನದೇ ದನಿಯಲ್ಲಿ 'ಗಲಾಟೆ ಬೇಡ' ಎಂದು ಕೂಗಿ ಗಲಾಟೆ ಮಾಡುತ್ತಾರೆ. ಇನ್ನು ಮನೆಗೆ ಬಂದರೆ, ಅಲ್ಲಿ ವಾರ್ಡನ್ ಬೇರೆಯವರು. (ಯಾರೆಂದು ಹೇಳಲಾರೆ. ಅವಳ ಕಿವಿ ಅಡುಗೆಮನೆಯಿಂದ ಬೀದಿಬಾಗಿಲಿನವರೆಗೂ ಚಾಚಿಕೊಂಡಿದೆ.)

ಹೀಗಿರುವಾಗ ಹಕ್ಕಿ ಮಾರುವವನೊಬ್ಬ ಸಿಕ್ಕಿ, ಹಿತ್ತಲಲ್ಲಿ ಗೌಜಲಕ್ಕಿ ಸಾಕಿ ಸ್ವಾಮಿ, ಕೋಳಿಯಷ್ಟು ಜಾಗವೂ ಬೇಡ, ಹೆಚ್ಚುಕಡಿಮೆ ದಿನಾ ಒಂದೊಂದು ಮೊಟ್ಟೆ, ಅಂಗೈಯಲ್ಲಿ ಕೂರುವಷ್ಟು ಸಾಧು ಎಂದು ವರ್ಣಿಸಿದ. ಮೊಟ್ಟೆಯ ಮಾತು ನನಗೆ ಅರ್ಧಂಬರ್ಧ ಕೇಳಿಸಿತು. 'ಸಾಧು' ಎಂಬುದು ಮಾತ್ರ ನೇರವಾಗಿ ಎದೆಗೇ ತಾಕಿತು. ಈ ಭೂಮಂಡಲದಲ್ಲಿ ನನ್ನ ಮಾತು ಕೇಳುವ ಒಂದು ಜೀವವಾದರೂ ಇರಲಿ ಎಂದು ಒಂದು ಬುಟ್ಟಿ ಹಕ್ಕಿಗಳನ್ನು ಹೊತ್ತು ತಂದೇಬಿಟ್ಟೆ.

ಹೆಂಡತಿ ಬುಟ್ಟಿಯನ್ನೂ ನನ್ನನ್ನೂ ಒಂದೇ ನೋಟದಲ್ಲಿ ಅಳೆದಳು. ಹಿತ್ತಲಿನ ಮೂಲೆ ಅವಳು ಬಟ್ಟೆ ಒಣಹಾಕುವ ಜಾಗ, ಬಿಸಿಲು ಚೆನ್ನಾಗಿ ಬೀಳುವುದು ಅಲ್ಲೊಂದೇ ಕಡೆ. ಸಾಕಷ್ಟು ಚರ್ಚೆಯಾಗಿ (ಅಂದರೆ ಅವಳು ಮಾತಾಡಿ, ನಾನು ತಲೆಯಾಡಿಸಿ) ಒಂದು ಒಪ್ಪಂದವಾಯಿತು. ಮುಂದಿನ ತಿಂಗಳು ಅವಳ ಅಣ್ಣ, ಅಂದರೆ ನನ್ನ ಭಾವ, ಬರುವವನಿದ್ದ. ಅಷ್ಟರೊಳಗೆ ಒಂದಾದರೂ ಮೊಟ್ಟೆ ಕಂಡರೆ ಮೂಲೆ ನನ್ನದು. ಇಲ್ಲದಿದ್ದರೆ ಹಕ್ಕಿಗಳೆಲ್ಲ ಭಾವನ ಜೊತೆ ಅವನ ತೋಟಕ್ಕೆ. ಒಂದೇನು, ಬುಟ್ಟಿ ತುಂಬಿಸುತ್ತೇನೆ ಎಂದು ನಾನು ಎದೆ ತಟ್ಟಿದೆ.

ಗೂಡನ್ನು ನಾನೇ ಕಟ್ಟಿದೆ. ಮರದ ಚೌಕಟ್ಟು, ಸುತ್ತ ತಂತಿಬಲೆ, ಮೇಲೆ ತಗಡು, ನೆಲಕ್ಕೆ ಮರದ ಹೊಟ್ಟು, ತೆವಳಿಕೊಂಡು ಹೋಗುವಷ್ಟು ಬಾಗಿಲು. ಒಳಗೆ ಗೋಡೆಗುಂಟ ಹಕ್ಕಿಗೊಂದರಂತೆ ಪುಟ್ಟ ಪೆಟ್ಟಿಗೆ, ಅದರ ಮೇಲೆ ಬಣ್ಣದಲ್ಲಿ ನಂಬರು. ಮಲಗುವುದೂ ಮೊಟ್ಟೆಯಿಡುವುದೂ ಅವರವರ ನಂಬರಿನಲ್ಲೇ ಆಗತಕ್ಕದ್ದು ಎಂದು ಸ್ಪಷ್ಟವಾಗಿ ತಿಳಿಸಿ, ಮರುದಿನ ಬೆಳಿಗ್ಗೆ ಹಾಜರಿಗೆಂದು ಸೀಟಿ ಊದಿದೆ. ಹಕ್ಕಿಗಳು ಒಟ್ಟಿಗೇ ನೆಟ್ಟಗೆ ಮೇಲಕ್ಕೆ ಹಾರಿ ತಗಡಿಗೆ ತಲೆ ಬಡಿದುಕೊಂಡು ಉದುರಿದವು. ಹೆಂಡತಿ ಬಂದು ನೋಡಿದಳು. ಒಂದು ಹಳೆಯ ಕಂಬಳಿ ತಂದು ತಗಡಿನ ಒಳಬದಿಗೆ ಮೊಳೆ ಹೊಡೆದು ಹೋದಳು.

ಸ್ನಾನಕ್ಕೆಂದು ತಟ್ಟೆಯಲ್ಲಿ ನೀರಿಟ್ಟೆ. ಅದನ್ನು ಕುಡಿದು, ಹುಳ ಬಾರದಿರಲೆಂದು ಗೂಡಿನ ಮೂಲೆಯಲ್ಲಿ ಸುರಿದಿದ್ದ ಬೂದಿಗೆ ಹೋಗಿ ಹೊರಳಾಡಿ ಸ್ನಾನ ಮಾಡಿದವು. ಒಂದೊಂದನ್ನೇ ಹಿಡಿದು ಅದರ ಪೆಟ್ಟಿಗೆಯಲ್ಲಿ ಕೂರಿಸಿದೆ. ಕೊನೆಯದನ್ನು ಕೂರಿಸುವಷ್ಟರಲ್ಲಿ ಮೊದಲಿನದು ಹೊರಗೆ ಬಂದು ನನ್ನ ಬೆನ್ನ ಹಿಂದೆ ನಿಂತಿರುತ್ತಿತ್ತು. ಆದರೆ ಹಿಡಿದ ಕೆಲಸ ಬಿಡುವ ಪೈಕಿ ನಾನಲ್ಲ. ಬೆಳಿಗ್ಗೆ ಹಾಜರಿ, ಮಧ್ಯಾಹ್ನ ತಪಾಸಣೆ, ಸಂಜೆ ಶಿಸ್ತಿನ ಮಹತ್ವ ಕುರಿತು ಕಿರು ಉಪನ್ಯಾಸ, ಪ್ರತಿಯೊಂದಕ್ಕೂ ಮೊದಲು ಸೀಟಿ. ಮೊಟ್ಟೆ ಮಾತ್ರ ಕಾಣಲಿಲ್ಲ. "ರೀ, ಅವಕ್ಕೆ ಉಸಿರಾಡೋಕಾದ್ರೂ ಬಿಡಿ" ಎಂದು ಅವಳು ಕಿಟಕಿಯಿಂದ ಹೇಳಿದಾಗ, ಶಿಸ್ತಿಲ್ಲದೆ ಉತ್ಪಾದನೆ ಇಲ್ಲ ಎಂದು ಉತ್ತರಿಸಿ ಸೀಟಿಯ ಸಂಖ್ಯೆ ಹೆಚ್ಚಿಸಿದೆ.

ನಿಜ ಹೇಳಬೇಕೆಂದರೆ, ಅಷ್ಟರಲ್ಲಿ ನನಗೆ ಅವುಗಳ ಹುಚ್ಚು ಹಿಡಿದಿತ್ತು. ಬಿಳಿ ಹುಬ್ಬಿನ ಒಂದು ಹಕ್ಕಿ ಕತ್ತು ಓರೆಮಾಡಿ ನೋಡುತ್ತಿದ್ದ ರೀತಿಗೆ, ಹಾಸ್ಟೆಲಿನ ಕೆಲಸದ ನಡುವೆಯೂ ಅದರ ನೆನಪಾಗುತ್ತಿತ್ತು. ಅವನ್ನು ಯಾರಿಗೂ ಕೊಡಲು ನನಗೆ ಮನಸ್ಸಿರಲಿಲ್ಲ.

ಭಾವ ಸಂಜೆ ಬರುವವನಿದ್ದ ದಿನ ಮಧ್ಯಾಹ್ನ, ಕೊನೆಯ ಪ್ರಯತ್ನವೆಂದು ಹೊಟ್ಟನ್ನೆಲ್ಲ ಕೈಯಿಂದಲೇ ಜಾಲಾಡಲು ಗೂಡಿನೊಳಗೆ ತೆವಳಿದೆ. ಒಳಗೆ ಹೋಗಿ ಬಾಗಿಲು ಎಳೆದುಕೊಂಡ ರಭಸಕ್ಕೆ ಹೊರಗಿನ ಚಿಲಕ ತಾನಾಗಿ ಬಿತ್ತು. ಕೂಗಿ ಕರೆಯೋಣ ಎನ್ನುವಷ್ಟರಲ್ಲಿ ಭಾವನ ಸ್ಕೂಟರಿನ ಸದ್ದು ಕೇಳಿಸಿತು. ಹೇಳಿದ್ದಕ್ಕಿಂತ ಮೊದಲೇ ಬಂದಿದ್ದ. ಅವನು ಎಂಥವನೆಂದರೆ, ಒಂದು ಕಥೆ ಸಿಕ್ಕರೆ ನೆಂಟರ ಮನೆಮನೆಗೂ ಹೋಗಿ ಹಂಚಿ ಬರುವವನು. ಹಕ್ಕಿಗೂಡಿನಲ್ಲಿ ಸಿಕ್ಕಿಬಿದ್ದ ವಾರ್ಡನ್ನಿನ ಕಥೆ ಅವನಿಗೆ ಜೀವಮಾನಕ್ಕೆ ಸಾಕಾಗುತ್ತಿತ್ತು. ಹೆಂಡತಿ ಒಬ್ಬಳೇ ಹಿತ್ತಲಿಗೆ ಬರುವವರೆಗೆ ಉಸಿರೆತ್ತಬಾರದು ಎಂದು ನಿಶ್ಚಯಿಸಿ, ಕಾಲು ಮಡಚಿಕೊಂಡು ತಂತಿಗೆ ಒರಗಿ ಕುಳಿತೆ.

ಅಡುಗೆಮನೆಯ ಕಿಟಕಿ ತೆರೆದೇ ಇತ್ತು. ನಾನೆಲ್ಲಿ ಎಂದು ಭಾವ ಕೇಳಿದ. ಹಾಸ್ಟೆಲಿಗೆ ಹೋಗಿರಬೇಕು ಎಂದಳು ಅವಳು. ಬುಟ್ಟಿ ತಂದಿದೀನಿ, ಹಕ್ಕಿ ಒಯ್ಯಲಾ ಎಂದ. ಅವಳು ಲೋಟ ಕೆಳಗಿಟ್ಟ ಸದ್ದಾಯಿತು.

"ಒಂದು ಮೊಟ್ಟೆ ಇಟ್ಟಿದ್ರೂ ಇರಲಿ ಅಂತಿದ್ದೆ ಅಣ್ಣ. ಹಾಸ್ಟೆಲಲ್ಲಿ ಹುಡುಗರು ಇವರ ಮಾತು ಕೇಳಲ್ಲ, ಮನೇಲಿ ನಾನು ಕೇಳಲ್ಲ. ಹಕ್ಕಿಗಳಾದ್ರೂ ಕೇಳಲಿ ಅಂತ ನನಗೂ ಇತ್ತು. ಆದ್ರೆ ಆ ಸೀಟಿಗೆ ಬೆದರಿ ಬೆದರಿ ಪಾಪ ಅವು ಸೊರಗಿಹೋಗಿವೆ. ತಗೊಂಡು ಹೋಗಿಬಿಡು."

ಹೊರಗೆ ಬಂದು ವಾದ ಮಾಡೋಣವೆಂದರೆ ಬಾಗಿಲಿಗೆ ಚಿಲಕ. ಸುಮ್ಮನೆ ಕೂತೆ. ಕಾಲು ಜೋಮು ಹಿಡಿಯಿತು, ಮೂಗಿನ ಮೇಲೆ ನೊಣ ಕೂತಿತು, ಆದರೂ ಅಲುಗಲಿಲ್ಲ. ಅವರ ಮಾತು ಮನೆಯ ವಿಷಯಗಳಿಗೆ ಹೊರಳಿತು, ತಂತಿಬಲೆಯ ಮೂಲಕ ಬೀಳುತ್ತಿದ್ದ ಬಿಸಿಲು ಇನ್ನಷ್ಟು ವಾಲಿತು. ಮೂಲೆಯಲ್ಲಿ ಮುದುಡಿದ್ದ ಹಕ್ಕಿಗಳು ನಾನೊಬ್ಬ ಇದ್ದೇನೆ ಎಂಬುದನ್ನೇ ಮರೆತವು. ಒಂದು ಬಂದು ನನ್ನ ಪೈಜಾಮದ ಅಂಚನ್ನು ಕುಕ್ಕಿತು. ಇನ್ನೊಂದು ಬೂದಿಯಲ್ಲಿ ಹೊರಳಾಡಿತು. ಬಿಳಿ ಹುಬ್ಬಿನದು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮಡಚಿದ ಮೊಣಕಾಲಿನ ನೆರಳಿಗೆ ಸರಿದು, ರೆಕ್ಕೆ ಹರವಿ ಕೂತಿತು. ಸ್ವಲ್ಪ ಹೊತ್ತಿಗೆ ಎದ್ದು ಮೈ ಕೊಡವಿ ಹೋಯಿತು. ಹೊಟ್ಟಿನ ಮೇಲೆ ಕಂದು ಚುಕ್ಕೆಗಳ ಪುಟ್ಟ ಮೊಟ್ಟೆಯೊಂದು ಬಿದ್ದಿತ್ತು. ಕುಣಿದಾಡುವಷ್ಟು ಸಂತೋಷವಾಯಿತು, ಕುಣಿಯಲಿಲ್ಲ.

ಆಗಲೇ ಭಾವ ಬುಟ್ಟಿ ಹಿಡಿದು ಬಂದು ಬಾಗಿಲು ತೆಗೆದ. ಹಕ್ಕಿಗಳ ನಡುವೆ ತಲೆತುಂಬ ಹೊಟ್ಟು ಮೆತ್ತಿಕೊಂಡು ಕೂತಿದ್ದ ನನ್ನನ್ನು ಕಂಡು ಅವನ ಬಾಯಿ ತೆರೆದೇ ಉಳಿಯಿತು. ಹಿಂದೆಯೇ ಬಂದ ಹೆಂಡತಿಗೆ ನಾನು ಮಾತಾಡದೆ, ಬೆರಳೊಂದನ್ನೇ ಆಡಿಸಿ ಮೊಟ್ಟೆ ತೋರಿಸಿದೆ. ಅವಳು ಬಗ್ಗಿ ನೋಡಿದಳು. ಮೊಟ್ಟೆ ನೋಡಿದಳು, ನನ್ನನ್ನು ನೋಡಿದಳು, ನಕ್ಕಳು. ಆಮೇಲೆ ಅಣ್ಣನ ಕೈಯಿಂದ ಬುಟ್ಟಿ ತೆಗೆದು ಪಕ್ಕಕ್ಕಿಟ್ಟಳು.

"ಬೇಡ ಅಣ್ಣ, ಹಕ್ಕಿ ಇರಲಿ. ತೊಂದರೆ ಹಕ್ಕೀದಲ್ಲ. ಅವು ಬಂದಾಗಿಂದ ಇವರು ಬಾಯಿ ಮುಚ್ಚಿ ಕೂತಿದ್ದು ಇವತ್ತೇ."

ಭಾವ ಗಡ್ಡ ಸವರಿಕೊಂಡು ನನ್ನತ್ತ ಬಗ್ಗಿದ. "ಭಾವ, ಹಾಸ್ಟೆಲಲ್ಲೂ ಒಂದಿನ ಹೀಗೇ ಕೂತು ನೋಡಿ. ಹುಡುಗರು ಪಾಸಾದ್ರೂ ಆಗಬಹುದು."

ಅವನ ಬಾಯಿ ಮುಚ್ಚಿಸುವಂಥ ಉತ್ತರವೊಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷಗಳ ನೆಂಟಸ್ತಿಕೆಯಲ್ಲಿ ಅಷ್ಟು ಒಳ್ಳೆಯ ಉತ್ತರ ನನಗೆ ಹೊಳೆದದ್ದೇ ಇಲ್ಲ. ಆದರೆ ಅದೇ ಹೊತ್ತಿಗೆ ಇನ್ನೊಂದು ಹಕ್ಕಿ ಎದ್ದು, ಎರಡು ಸುತ್ತು ತಿರುಗಿ, ನನ್ನ ಮತ್ತೊಂದು ಮೊಣಕಾಲಿನ ನೆರಳಿನಲ್ಲಿ ಕೂರಲು ಜಾಗ ಮಾಡಿಕೊಳ್ಳತೊಡಗಿತು. ಉತ್ತರವನ್ನು ನುಂಗಿಕೊಂಡೆ.

ಹೆಂಡತಿ ತುಟಿಯ ಮೇಲೆ ಬೆರಳಿಟ್ಟು, ಬಾಗಿಲು ಮೆಲ್ಲಗೆ ಮುಂದೆ ಮಾಡಿ, ಚಿಲಕ ಹಾಕಿದಳು. ಅಣ್ಣ ತಂಗಿ ಇಬ್ಬರೂ ತುದಿಗಾಲಲ್ಲಿ ನಡೆದು ಕಾಫಿ ಕುಡಿಯಲು ಒಳಗೆ ಹೋದರು.